ಬುತ್ತಿಯಲ್ಲಿ ಸೇರದ ಒಣಖಂಡ

ಯುರೋಪಿನ ಹಲವು ದೇಶಗಳಲ್ಲಿ ಹಬ್ಬದ ದಿನಗಳಿಗೆ ನೆಂಟರಿಷ್ಟರಿಗೆ ಕಳಿಸುವ ತಿನಿಸಿನ ಬುಟ್ಟಿಯಲ್ಲಿ ಒಣ ಸಲಾಮಿಗೆ ಒಂದು ಜಾಗ ಇದ್ದೇ ಇರುತ್ತದೆ. ಮೊಳದುದ್ದದ, ಮೇಲೆ ಬಿಳಿ ಬೂದಿ ಬಳಿದಂತೆ ಕಾಣುವ, ದಾರದಿಂದ ಬಿಗಿದ ಮಾಂಸದ ಕೋಲು ಅದು. ಬೇಯಿಸಬೇಕಿಲ್ಲ, ತೆಳ್ಳಗೆ ಕೊಯ್ದು ಹಾಗೆಯೇ ತಿನ್ನಬಹುದು. ಹೊರದೇಶಗಳಲ್ಲಿ ಓದಿ ಬಂದವರ, ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ನೌಕರಿ ಹಿಡಿದವರ ಮೂಲಕ ಅದರ ಹೆಸರು ಈಗ ಸಣ್ಣ ಊರುಗಳಿಗೂ ಬಂದಿದೆ. ಹಾಗಾದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಒಳ್ಳೆಯ ಒಣ ಸಲಾಮಿಯನ್ನು ಹುಡುಕಿ ದೂರದ ಗೆಳೆಯರಿಗೆ ಉಡುಗೊರೆ ಕಳಿಸಬೇಕೆಂದು ಯಾರಾದರೂ ಹೊರಟರೆ?

ಅದು ಈ ಪೇಟೆಗಳ ಸರಕಲ್ಲ ಎಂಬುದು ನೇರ ಉತ್ತರ. ಆದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆ ಒಣಗಿಸಿ ಇಡುವ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಲ್ಲ. ಮಾಂಸವನ್ನು ಒಣಗಿಸುವುದೂ ಇಲ್ಲಿಗೆ ಹೊಸದಲ್ಲ. ಹಾಗಿದ್ದೂ ಇಲ್ಲಿ ಸಲಾಮಿಯಂಥದು ಏಕೆ ಹುಟ್ಟಲಿಲ್ಲ, ಇಲ್ಲಿದ್ದ ಒಣಮಾಂಸ ಏಕೆ ಎಂದೂ ಉಡುಗೊರೆಯಾಗಲಿಲ್ಲ ಎಂದು ಕೇಳಿದರೆ, ಮೊದಲ ಪ್ರಶ್ನೆಗೆ ಹವೆ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಸಮಾಜವೇ ಉತ್ತರ ಹೇಳಬೇಕು.

ಉಪ್ಪಿನಿಂದ ಬಂದ ಹೆಸರು

ಸಲಾಮಿ ಎಂಬ ಮಾತು ಇಟಲಿಯದು. ಉಪ್ಪು ಎಂಬರ್ಥದ ‘ಸಾಲೆ’ ಎಂಬ ಪದ ಅದರ ಬೇರು. ಸಾಮಾನ್ಯವಾಗಿ ಹಂದಿಯ ಮಾಂಸವನ್ನೂ ಕೊಬ್ಬನ್ನೂ ಸಣ್ಣಗೆ ಕೊಚ್ಚಿ, ತೂಕದ ಶೇಕಡಾ ಎರಡೂವರೆಯಿಂದ ಮೂರರಷ್ಟು ಉಪ್ಪು, ಮೆಣಸು, ಬೆಳ್ಳುಳ್ಳಿ ಮುಂತಾದವನ್ನು ಬೆರೆಸಿ, ಶುದ್ಧ ಮಾಡಿದ ಕರುಳಿನೊಳಗೆ ಗಟ್ಟಿಯಾಗಿ ತುಂಬುತ್ತಾರೆ. ಮೊದಲ ಕೆಲವು ದಿನ ಅದು ಹುಳಿಯುತ್ತದೆ. ಹಾಲನ್ನು ಮೊಸರು ಮಾಡುವ ಜೀವಾಣುಗಳ ಬಳಗದವೇ ಇಲ್ಲಿಯೂ ಕೆಲಸ ಮಾಡಿ, ಮಾಂಸದಲ್ಲಿ ಹುಳಿ ಹುಟ್ಟಿಸಿ, ಕೊಳೆಸುವ ಜೀವಾಣುಗಳಿಗೆ ಜಾಗ ಇಲ್ಲದಂತೆ ಮಾಡುತ್ತವೆ. ಬಳಿಕ ಅದನ್ನು ತಂಪಾದ, ತುಸು ತೇವದ ಕೋಣೆಯಲ್ಲಿ ವಾರಗಟ್ಟಲೆ, ದಪ್ಪ ಕೋಲಾದರೆ ತಿಂಗಳುಗಟ್ಟಲೆ ತೂಗುಹಾಕುತ್ತಾರೆ. ಸುಮಾರು 12ರಿಂದ 15 ಡಿಗ್ರಿ ಸೆಲ್ಸಿಯಸ್ ಶಾಖ, ಗಾಳಿಯಲ್ಲಿ ಶೇಕಡಾ 75ರಿಂದ 80ರಷ್ಟು ತೇವ ಅದಕ್ಕೆ ಹಿತ. ಮೂಲ ತೂಕದ ಮೂರನೆಯ ಒಂದು ಭಾಗದಷ್ಟು ನೀರು ಹಾರಿಹೋದ ಮೇಲೆ ಸಲಾಮಿ ಹದಕ್ಕೆ ಬರುತ್ತದೆ. ಮೇಲೆ ಕಾಣುವ ಬಿಳಿ ಬೂದಿ ಕೆಡುಕಿನ ಗುರುತಲ್ಲ. ಬೇಕೆಂದೇ ಬೆಳೆಸಿದ ಒಳ್ಳೆಯ ಜಾತಿಯ ಬೂಸು.

ಇಲ್ಲಿ ಗಮನಿಸಬೇಕಾದುದು ಒಣಗುವಿಕೆಯ ವೇಗ. ದಪ್ಪ ಕೋಲಿನ ನಡುವಿನ ನೀರು ಹೊರಗೆ ಬರಲು ಕಾಲ ಬೇಕು. ಗಾಳಿ ತೀರ ಬಿಸಿಯಾಗಿ, ತೀರ ಒಣದಾಗಿ ಇದ್ದರೆ ಹೊರಪದರ ಮೊದಲೇ ಒಣಗಿ ಚಿಪ್ಪಾಗುತ್ತದೆ. ಒಳಗಿನ ತೇವ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲೆ ಗಟ್ಟಿ, ಒಳಗೆ ಕೊಳೆತ. ಇಟಲಿಯ ಪಾರ್ಮಾ ಸುತ್ತಿನ ಗುಡ್ಡಗಾಡಿನ ಹಳ್ಳಿಗಳೂ ನೆಲಮಾಳಿಗೆಗಳೂ ಸಲಾಮಿಗೆ ಹೆಸರಾದದ್ದು ಅಡುಗೆಯವರ ಕೈಗುಣದಿಂದ ಮಾತ್ರವಲ್ಲ, ಆ ತಂಪು ಗಾಳಿಯಿಂದಲೂ ಹೌದು. ಹಂಗೇರಿಯ ಸೆಗೆಡ್ ಪಟ್ಟಣದಲ್ಲಿ ಟೀಸಾ ನದಿಯ ದಂಡೆಯ ತಂಪಿನಲ್ಲಿ ಬೆಳೆದ ಸಲಾಮಿ ಉದ್ಯಮವೂ ಹಾಗೆಯೇ; ಅಲ್ಲಿನ ಹೆಸರುವಾಸಿ ಕಂಪನಿ ಶುರುವಾದದ್ದು 1869ರಲ್ಲಿ.

ಇದಕ್ಕೆ ಅಥಣಿಯ ಏಪ್ರಿಲ್ ತಿಂಗಳನ್ನು ಹೋಲಿಸಿ ನೋಡಬಹುದು. ಬಿಸಿಲು 40 ಡಿಗ್ರಿಯ ಹತ್ತಿರ ನಿಲ್ಲುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಮಳೆಗಾಲದಲ್ಲಿ ತೇವ ಇದ್ದರೂ ಸಲಾಮಿಗೆ ಬೇಕಾದ ತಂಪಿಲ್ಲ. ಯಂತ್ರದ ತಂಪುಕೋಣೆ ಇಲ್ಲದ ಕಾಲದಲ್ಲಿ ಇಲ್ಲಿ ದಪ್ಪ ಮಾಂಸದ ಕೋಲನ್ನು ಹದವಾಗಿ ಒಣಗಿಸುವುದು ಸಾಧ್ಯವೇ ಇರಲಿಲ್ಲ.

ಮನೆಯಲ್ಲಿ ಪ್ರಯೋಗ ಮಾಡಿ ನೋಡೋಣ ಎನ್ನುವವರಿಗೆ ಒಂದು ಎಚ್ಚರಿಕೆಯ ಮಾತು. ‘ಬಾಟುಲಿಸಂ’ ಎಂಬ ಪ್ರಾಣಾಂತಕ ವಿಷಬಾಧೆಗೆ ಆ ಹೆಸರು ಬಂದದ್ದೇ ಲ್ಯಾಟಿನ್ ಭಾಷೆಯಲ್ಲಿ ಇಂಥ ಮಾಂಸದ ಕೊಳವೆಗಿರುವ ‘ಬಾಟುಲಸ್’ ಎಂಬ ಪದದಿಂದ. ಜರ್ಮನಿಯ ವೈದ್ಯ ಹಾಗೂ ಕವಿ ಯುಸ್ಟಿನುಸ್ ಕೆರ್ನರ್ 1820ರ ದಶಕದಲ್ಲಿ, ಕೆಟ್ಟ ಕೊಳವೆ ಮಾಂಸ ತಿಂದು ಸತ್ತವರ ಲಕ್ಷಣಗಳನ್ನು ಮೊದಲ ಬಾರಿಗೆ ವಿವರವಾಗಿ ಬರೆದಿಟ್ಟ. ಗಾಳಿಯಾಡದ ನಡುಭಾಗದಲ್ಲಿ ಬೆಳೆಯುವ ಈ ಜೀವಾಣುವನ್ನು ತಡೆಯಲೆಂದೇ ಇಂದಿನ ತಯಾರಕರು ನೈಟ್ರೈಟ್ ಬೆರೆತ ಉಪ್ಪನ್ನು ಅಳತೆ ಮಾಡಿ ಹಾಕುತ್ತಾರೆ. ಆ ಅಳತೆ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಕಣ್ಣಂದಾಜಿನ ಅಡುಗೆ ಇದಲ್ಲ.

ಒಣಗಿಸಿ ಬದುಕಿದ ಸೀಮೆ

ಬಿಸಿಲು ಸಲಾಮಿಯನ್ನು ಕೆಡಿಸುತ್ತದೆ, ನಿಜ. ಆದರೆ ಅದೇ ಬಿಸಿಲು ಈ ಐದು ತಾಲ್ಲೂಕುಗಳಿಗೆ ಎಷ್ಟೊಂದನ್ನು ಕೊಟ್ಟಿದೆ! ನಿಪ್ಪಾಣಿಯ ಹೆಸರು ದೇಶಕ್ಕೆ ಗೊತ್ತಾದದ್ದು ಬಿಸಿಲಿನಲ್ಲಿ ಒಣಗಿಸಿದ ಬೀಡಿ ತಂಬಾಕಿನಿಂದ. ರಾಯಬಾಗ ಭಾಗದ ಅರಿಸಿನವನ್ನು ಕುದಿಸಿ, ಅಂಗಳದಲ್ಲಿ ಹರವಿ ಒಣಗಿಸುತ್ತಾರೆ. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರು ಹಣ್ಣನ್ನು ದ್ರಾವಣದಲ್ಲಿ ಅದ್ದಿ ತೆಗೆದು, ನೆರಳಿನ ಶೆಡ್ಡುಗಳಲ್ಲಿ ಬಲೆಯ ಮೇಲೆ ಹರವಿ ಒಣದ್ರಾಕ್ಷಿ ಮಾಡುತ್ತಾರೆ. ಸುಮಾರು ನಾಲ್ಕು ಕಿಲೊ ಹಣ್ಣು ಒಣಗಿದರೆ ಒಂದು ಕಿಲೊ ದ್ರಾಕ್ಷಿ. ದ್ರಾವಣದಲ್ಲಿ ಅದ್ದುವುದು ಯಾಕೆಂದರೆ ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಹೊರಬರಲಿ ಎಂದು. ಒಳಗಿನ ನೀರನ್ನು ಹೊರಗೆ ತರುವ ಹದವನ್ನು ತಿಳಿದವನೇ ಒಣಗಿಸುವ ಕಸುಬಿನಲ್ಲಿ ಗೆಲ್ಲುತ್ತಾನೆ.

ಅಡುಗೆಮನೆಯಲ್ಲಿಯೂ ಇದೇ ಕಥೆ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಒಲೆಯ ಬದಿಗೆ ನಿಲ್ಲಿಸಿ ಕಟಕು ಮಾಡಿದರೆ ವಾರಗಟ್ಟಲೆ ಬರುತ್ತದೆ. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲವೂ ತೆಳುವಾದವು ಇಲ್ಲವೇ ಸಣ್ಣವು. ತಂಪು ದೇಶದಲ್ಲಿ ದಪ್ಪನೆಯದನ್ನು ನಿಧಾನವಾಗಿ ಒಣಗಿಸುವುದು, ಬಿಸಿಲ ದೇಶದಲ್ಲಿ ತೆಳ್ಳನೆಯದನ್ನು ಬೇಗನೆ ಒಣಗಿಸುವುದು. ಆಹಾರ ಕಾಪಿಡುವ ವಿದ್ಯೆಯಲ್ಲಿ ಇವೆರಡು ಬೇರೆ ಬೇರೆ ಮನೆತನಗಳೆಂದೇ ಹೇಳಬೇಕು. ಇಟಲಿಯ ಸಲಾಮಿ ಮೊದಲನೆಯದರ ಕುಡಿ, ಅಥಣಿಯ ಕಟಕು ರೊಟ್ಟಿ ಎರಡನೆಯದರ ಕುಡಿ.

ನೀರನ್ನು ಹೊರಗೆ ಹಾಕದೆ, ಇದ್ದಲ್ಲಿಯೇ ಕಟ್ಟಿಹಾಕುವ ಮೂರನೆಯ ದಾರಿಯೂ ಇದೆ. ಬೆಲ್ಲದ ಪಾಕವಾಗಲಿ, ಉಪ್ಪಾಗಲಿ ನೀರನ್ನು ಹಿಡಿದಿಟ್ಟುಕೊಂಡು ಜೀವಾಣುಗಳಿಗೆ ಸಿಗದಂತೆ ಮಾಡುತ್ತವೆ. ಕರಿದ ಅಂಟು, ಒಣಹಣ್ಣು, ಬೆಲ್ಲ ಸೇರಿದ ಗೋಕಾಕದ ಕರದಂಟು, ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ ಇವೆಲ್ಲ ದಿನಗಟ್ಟಲೆ ಕೆಡದೆ ಉಳಿಯುವುದರ ಗುಟ್ಟು ಇದೇ. ಸಲಾಮಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಬೆಲ್ಲ ಮಾಡುತ್ತದೆ.

ಹೀಗೆ ಕೆಡದೆ ಉಳಿಯುವುದೆಲ್ಲ ಈ ಕಡೆ ಬುತ್ತಿಯಾಯಿತು. ಬುತ್ತಿ ಎಂದರೆ ಬರೇ ದಾರಿಯ ಊಟವಲ್ಲ. ಬಸುರಿ ಮಗಳಿಗೆ ತವರಿನಿಂದ ಹೋಗುವ ಬಯಕೆಯ ಬುತ್ತಿ, ಪಂಚಮಿಗೆ ಮಗಳ ಮನೆಗೆ ಹೋಗುವ ಉಂಡಿಯ ಡಬ್ಬಿ, ರೊಟ್ಟಿ ಹಬ್ಬದ ದಿನ ಮನೆಯಿಂದ ಮನೆಗೆ ನಡೆಯುವ ರೊಟ್ಟಿ ಪಲ್ಯಗಳ ವಿನಿಮಯ ಎಲ್ಲವೂ ಒಂದು ಮಾತನ್ನೇ ಹೇಳುತ್ತವೆ: ‘ನೀವು ನಮ್ಮವರು, ನಮ್ಮ ಮನೆಯ ಅನ್ನ ನಿಮ್ಮ ಮನೆಗೆ ಸಲ್ಲುತ್ತದೆ.’ ಸಲ್ಲುವುದು ಎಂಬುದೇ ಇಲ್ಲಿ ಮುಖ್ಯ. ಲಿಂಗಾಯತರೂ ಜೈನರೂ ಹೆಚ್ಚಾಗಿರುವ ಸೀಮೆಯಿದು; ಕಾಗವಾಡದ ಪ್ರಾಚೀನ ಜೈನ ಬಸದಿ, ಅಥಣಿಯ ಗಚ್ಚಿನಮಠ ಇಲ್ಲಿನ ಆಚಾರದ ಗುರುತುಗಳು. ಮನೆಯಿಂದ ಮನೆಗೆ ಹೋಗುವ ಬುತ್ತಿ ಎಲ್ಲರ ಪಂಕ್ತಿಗೂ ಸಲ್ಲಬೇಕೆಂದಾಗ ಮಾಂಸ ಅದರಿಂದ ಹೊರಗುಳಿದದ್ದು ಸಹಜ.

ಹಾಗೆಂದು ಇಲ್ಲಿ ಮಾಂಸದ ಊಟವೇ ಇಲ್ಲವೆಂದಲ್ಲ. ಕೊಲ್ಹಾಪುರದ ನೆರೆಯ ನಿಪ್ಪಾಣಿ, ಚಿಕ್ಕೋಡಿಗಳಿಗೆ ಕೆಂಪು ರಸ್ಸಾ, ಬಿಳಿ ರಸ್ಸಾಗಳ ರುಚಿ ಚೆನ್ನಾಗಿ ಗೊತ್ತು. ಅಲ್ಲಿನ ‘ಸುಕ್ಕಾ ಮಟನ್’ ಹೆಸರಿಗೆ ಒಣದು, ಆದರೆ ಆ ಹೊತ್ತಿನ ಊಟಕ್ಕೆ ಮಾತ್ರ. ಆಡಿನ ಮಾಂಸವನ್ನು ಎಣ್ಣೆ, ಖಾರ, ಹುಳಿಯಲ್ಲಿ ಬೇಯಿಸಿ ಮಾಡುವ ಮಟನ್ ಲೋಣಚೆ, ಅಂದರೆ ಮಾಂಸದ ಉಪ್ಪಿನಕಾಯಿ, ಕೆಲವು ದಿನ ತಡೆಯುತ್ತದೆ. ಕೊಂಕಣದಿಂದ ಘಟ್ಟ ಹತ್ತಿ ಬರುವ ಒಣ ಬೊಂಬಿಲ್, ಸುಕಟಗಳಿಗೂ ಈ ಕಡೆಯ ಸಂತೆಗಳಲ್ಲಿ ಗಿರಾಕಿಗಳಿದ್ದಾರೆ. ಆದರೆ ಸಲಾಮಿಗೆ ನಿಜವಾಗಿ ಹತ್ತಿರದ ನೆಂಟ ಇವು ಯಾವುವೂ ಅಲ್ಲ. ಅದು ಒಣಖಂಡ.

ಯಾರೂ ಹೇಳಿಕೊಳ್ಳದ ರುಚಿ

ಮಾಂಸವನ್ನು ಉದ್ದುದ್ದ ತೆಳು ಪಟ್ಟಿಗಳಾಗಿ ಸೀಳಿ, ಉಪ್ಪು, ಅರಿಸಿನ ಸವರಿ, ಹಗ್ಗದ ಮೇಲೆ ಬಟ್ಟೆಯಂತೆ ಹಾಕಿ ಬಿಸಿಲಿನಲ್ಲಿ ಒಣಗಿಸಿ, ಗಡಿಗೆಯಲ್ಲಿ ತುಂಬಿ ಇಡುವುದು ದಖ್ಖನಿನ ಹಳ್ಳಿಗಳ ಹೊರಕೇರಿಗಳಲ್ಲಿ ತಲೆಮಾರುಗಳಿಂದ ನಡೆದುಬಂದಿತ್ತು. ಮರಾಠಿ ಸೀಮೆಯಲ್ಲಿ ಇದಕ್ಕೆ ‘ಚಾನ್ಯಾ’ ಎನ್ನುತ್ತಾರೆ. ಕೂಲಿ ಸಿಗದ ದಿನ, ಮಳೆ ಹಿಡಿದ ವಾರ ಇದರ ನಾಲ್ಕು ಚೂರನ್ನು ಕೆಂಡದ ಮೇಲೆ ಸುಟ್ಟೋ, ಕಾಳಿನ ಜೊತೆ ಕುದಿಸಿಯೋ ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದರು. ಮರಾಠವಾಡಾದ ದಲಿತರ ಅಡುಗೆಯ ಬಗ್ಗೆ ಶಾಹು ಪಾಟೋಳೆ ಅವರು 2015ರಲ್ಲಿ ಪ್ರಕಟಿಸಿದ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಮರಾಠಿ ಪುಸ್ತಕ ಈ ಲೋಕವನ್ನು ಓದುಗರ ಮುಂದಿಟ್ಟಿತು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಅನ್ನವೇ ಪೂರ್ಣಬ್ರಹ್ಮ ಎಂಬ ನುಡಿಗೆ ಎದುರಾಗಿ ನಿಂತ ಆ ಶೀರ್ಷಿಕೆಯೇ ಬಹಳಷ್ಟನ್ನು ಹೇಳುತ್ತದೆ.

ತಂತ್ರದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಕೀಳೆನ್ನುವಂಥದು ಏನೂ ಇಲ್ಲ. ದಕ್ಷಿಣ ಅಮೆರಿಕದ ಚಾರ್ಕಿ, ಉತ್ತರ ಅಮೆರಿಕದ ಜರ್ಕಿ, ದಕ್ಷಿಣ ಆಫ್ರಿಕದ ಬಿಲ್ಟಾಂಗ್ ಎಲ್ಲವೂ ಇದೇ ವಿದ್ಯೆಯ ಬೇರೆ ಬೇರೆ ರೂಪಗಳು. ಅವು ಇಂದು ಅಂದದ ಪೊಟ್ಟಣಗಳಲ್ಲಿ ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಕೂತಿವೆ. ನಮ್ಮ ಒಣಖಂಡ ಮಾತ್ರ ಗಡಿಗೆಯಿಂದ ಹೊರಗೆ ಬರಲಿಲ್ಲ.

ಕಾರಣ ಮಾಂಸದಲ್ಲಿರಲಿಲ್ಲ, ಅದು ಬಂದ ದಾರಿಯಲ್ಲಿತ್ತು. ಊರಲ್ಲಿ ದನ ಸತ್ತರೆ ಎಳೆದೊಯ್ಯುವ ಕೆಲಸ ಕೇರಿಯವರ ಪಾಲಿನದು. ಆ ದುಡಿಮೆಗೆ ಪ್ರತಿಯಾಗಿ ಸಿಗುತ್ತಿದ್ದುದು ಸತ್ತ ದನದ ಮಾಂಸ. ಒಮ್ಮೆಗೇ ಅಷ್ಟು ಮಾಂಸ ಕೈಗೆ ಬಂದಾಗ ಒಣಗಿಸಿ ಇಡದೆ ಬೇರೆ ದಾರಿಯಿರಲಿಲ್ಲ. ಇಟಲಿಯ ರೈತ ಚಳಿಗಾಲದಲ್ಲಿ ತನ್ನದೇ ಹಂದಿಯನ್ನು ಕಡಿದು ಸಲಾಮಿ ಮಾಡಿ ನೆರೆಯವರಿಗೆ ಹಂಚುತ್ತಿದ್ದ. ಕೇರಿಯ ಮನೆಗೆ ಅಂಥ ಆಯ್ಕೆಯಿರಲಿಲ್ಲ. ಆಯ್ಕೆ ಇಲ್ಲದೆ ಬಂದ ಅನ್ನವನ್ನು ಯಾರೂ ಉಡುಗೊರೆಯಾಗಿ ಕಳಿಸುವುದಿಲ್ಲ.

ಇದನ್ನು ಎಲ್ಲರಿಗಿಂತ ಖಚಿತವಾಗಿ ಕಂಡವರು ಡಾ. ಬಿ. ಆರ್. ಅಂಬೇಡ್ಕರ್. 1925ರ ಏಪ್ರಿಲ್‌ನಲ್ಲಿ ಅವರು ಇದೇ ನಿಪ್ಪಾಣಿಯಲ್ಲಿ ನಡೆದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಎರಡು ವರ್ಷದ ನಂತರ, 1927ರ ಮಾರ್ಚ್‌ನಲ್ಲಿ, ಮಹಾಡದ ಪರಿಷತ್ತಿನಲ್ಲಿ ಚವದಾರ್ ಕೆರೆಯ ನೀರನ್ನು ಮುಟ್ಟುವ ಮುನ್ನ, ಸತ್ತ ದನದ ಮಾಂಸವನ್ನು ಬಿಡಬೇಕೆಂದು ತಮ್ಮ ಜನರಿಗೆ ಕರೆ ಕೊಟ್ಟರು. ರುಚಿಯ ಬಗೆಗಾಗಲಿ ಮಡಿಯ ಬಗೆಗಾಗಲಿ ಆಡಿದ ಮಾತಲ್ಲ ಅದು. ಒಂದು ಜನಸಮುದಾಯವನ್ನು ಹೀನವೆಂದು ಕರೆಯಲು ನೆಪವಾಗಿದ್ದ ಚಾಕರಿಯನ್ನೇ ಕಡಿದುಹಾಕುವ ಮಾತಾಗಿತ್ತು. ಆ ಕರೆ ಕೇರಿ ಕೇರಿಗಳಿಗೆ ತಲುಪಿತು. ಹಾಗಾಗಿ ಇಂದು ಒಣಖಂಡ ಕಾಣೆಯಾಗುತ್ತಿದೆ ಎಂದು ಬರೇ ಮರುಗಿದರೆ ಸಾಲದು. ಅದು ಹೋದದ್ದರಲ್ಲಿ ಜನರ ಸ್ವಾಭಿಮಾನದ ಪಾಲೂ ಇದೆ. ಅದನ್ನು ಈಗ ಮತ್ತೆ ನೆನೆದು ಬರೆಯುವುದರಲ್ಲಿಯೂ ಅದೇ ಸ್ವಾಭಿಮಾನ ಇದೆ.

ಮಾಂಸದ ಕಥೆ ಹೀಗಾದರೆ, ಅದೇ ಪ್ರಾಣಿಯ ಚರ್ಮದ ಕಥೆ ಬೇರೆಯೇ ಆಯಿತು. ಉಪ್ಪು, ಅಳಲೆಕಾಯಿ, ಜಾಲಿಯ ತೊಗಟೆಗಳಿಂದ ಹದಮಾಡಿದ ಚರ್ಮದಲ್ಲಿ ಅಥಣಿ, ನಿಪ್ಪಾಣಿ ಸುತ್ತಿನ ಕುಶಲಕರ್ಮಿಗಳು ಹೊಲಿದ ಚಪ್ಪಲಿಗಳು ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿದವು. 2019ರಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿ ಅದಕ್ಕೆ ಭೌಗೋಳಿಕ ಸೂಚಿ ದೊರೆಯಿತು, ಬೆಳಗಾವಿ ಅವುಗಳಲ್ಲೊಂದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಯನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಕಡೆಗೆ ಕಂಪನಿ ಅದರ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ಹದಮಾಡಿದ ಚರ್ಮಕ್ಕೆ ಊರು, ಹೆಸರು, ಬೆಲೆ ಮೂರೂ ಬಂದವು. ಒಣಗಿಸಿದ ಮಾಂಸಕ್ಕೆ ಮೂರರಲ್ಲಿ ಒಂದೂ ಬರಲಿಲ್ಲ.

ಘಟ್ಟದ ಕೆಳಗಿನ ಚೊರಿಸ್

ಸಲಾಮಿಯ ಹತ್ತಿರದ ಇನ್ನೊಬ್ಬ ಸಂಬಂಧಿ ಬೆಳಗಾವಿಯಿಂದ ಘಟ್ಟ ಇಳಿದರೆ ಗೋವೆಯಲ್ಲಿ ಸಿಗುತ್ತಾನೆ. ಪೋರ್ಚುಗೀಸರು 1510ರಿಂದ 1961ರವರೆಗೆ ಆಳಿದ ಆ ನೆಲದಲ್ಲಿ ಅವರ ‘ಶೊರಿಸು’ ಕೊಂಕಣಿ ಬಾಯಲ್ಲಿ ಚೊರಿಸ್ ಆಯಿತು. ಹಂದಿಮಾಂಸದ ತುಂಡುಗಳನ್ನು ವಿನೆಗರ್, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಉಪ್ಪುಗಳಲ್ಲಿ ನೆನೆಸಿ, ಕರುಳಿನಲ್ಲಿ ತುಂಬಿ, ಮಣಿಸರದಂತೆ ಗಂಟು ಹಾಕಿ, ಬಿಸಿಲಿಗೂ ಹೊಗೆಗೂ ಒಡ್ಡಿ ಒಣಗಿಸುತ್ತಾರೆ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಇದರ ಮಾಲೆಗಳು ತೂಗಾಡುತ್ತಿರುತ್ತವೆ. ಗೋವೆಯ ಹವೆಯಲ್ಲಿ ತೇವವೂ ಸೆಕೆಯೂ ಹೆಚ್ಚು. ಹಾಗಾಗಿ ನಿಧಾನವಾಗಿ ಹುಳಿಯಲು ಬಿಡದೆ ಮೊದಲೇ ವಿನೆಗರ್ ಹುಳಿ ಹಾಕುವ ಜಾಣತನ. ಕೋಲು ದಪ್ಪವಾಗದಂತೆ ಸಣ್ಣ ಮಣಿಗಳಾಗಿ ಕಟ್ಟುವುದೂ ಅದೇ ಲೆಕ್ಕ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಸಲಾಮಿಯನ್ನು ಹಾಗೆಯೇ ತಿನ್ನಬಹುದು, ಚೊರಿಸನ್ನು ಬೇಯಿಸಿಯೇ ತಿನ್ನಬೇಕು.

ನಮ್ಮದೇ ಕೊಡಗಿನಲ್ಲಿ ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸುವ ಹಂದಿಮಾಂಸವೂ ಇದೇ ಬಳಗದ್ದು. ಮಳೆ ನಿಲ್ಲದ ನಾಡಿನಲ್ಲಿ ಬಿಸಿಲಿನ ಕೆಲಸವನ್ನು ಹೊಗೆ ಮಾಡಿತು.

ಕಳಿಸುವವರು ತಿಳಿದಿರಬೇಕಾದ್ದು

ಇಷ್ಟಾದ ಮೇಲೂ ಸಲಾಮಿಯನ್ನೇ ಕಳಿಸಬೇಕೆಂದರೆ ಗೋವೆ, ಪುಣೆ, ಮುಂಬಯಿ, ಬೆಂಗಳೂರುಗಳ ದೊಡ್ಡ ಅಂಗಡಿಗಳನ್ನು ನೋಡಬೇಕು. ಅಲ್ಲಿಯೂ ಹೆಸರಿಗೆ ಮೋಸಹೋಗಬಾರದು. ನಮ್ಮ ದೇಶದಲ್ಲಿ ಸಲಾಮಿ ಎಂದು ಮಾರುವುದರಲ್ಲಿ ಬಹುಪಾಲು ಕೋಳಿಮಾಂಸವನ್ನು ನುಣ್ಣಗೆ ಅರೆದು ಬೇಯಿಸಿ ಕತ್ತರಿಸಿದ ಬಿಲ್ಲೆಗಳು. ಅದರಲ್ಲಿ ನೀರಿನಂಶ ತುಂಬ. ಫ್ರಿಜ್ಜಿನಿಂದ ಹೊರಗೆ ಬಂದರೆ ಬಾಳುವುದಿಲ್ಲ. ಪೊಟ್ಟಣದ ಮೇಲೆ ‘ಬೇಯಿಸಿದ್ದು’ ಎಂದು ಬರೆದಿದ್ದರೆ ಅದು ಒಣ ಸಲಾಮಿಯಲ್ಲ. ಹುಳಿಯಿಸಿ ಒಣಗಿಸಿದ್ದು ಎಂಬ ವಿವರ, ಕೈಯಲ್ಲಿ ಹಿಡಿದರೆ ಗಟ್ಟಿಯಾಗಿರುವ ಇಡೀ ಕೋಲು, ಮೇಲಿನ ಬಿಳಿ ಬೂಸು ನಿಜವಾದದ್ದರ ಗುರುತುಗಳು. ಕತ್ತರಿಸದ ಕೋಲು ಮಾತ್ರ ಪ್ರಯಾಣ ತಡೆಯುತ್ತದೆ. ಅದೂ ಬೇಸಗೆಯಲ್ಲಿ ಕೊಬ್ಬು ಕರಗಿ ಕಮಟಾಗುವುದರಿಂದ, ಡಿಸೆಂಬರ್ ಜನವರಿಯೇ ಕಳಿಸಲು ಸರಿಯಾದ ಕಾಲ.

ಯಾವ ಮಾಂಸ ಎಂಬುದನ್ನೂ ಓದಿ ನೋಡಬೇಕು. ದನದ ಮಾಂಸ ಬೆರೆತ ಯಾವುದೇ ಪದಾರ್ಥದ ಆಮದಿಗೆ ದೇಶದಲ್ಲಿ ನಿಷೇಧವಿದೆ. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರಿಂದ ಜಾರಿಯಲ್ಲಿದ್ದು, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಹೊರದೇಶಕ್ಕೆ ಕಳಿಸುವ ಮಾತಾದರೆ ಇನ್ನೂ ಕಷ್ಟ. ಪಶುರೋಗಗಳ ಭಯದಿಂದ ಐರೋಪ್ಯ ಒಕ್ಕೂಟ, ಆಸ್ಟ್ರೇಲಿಯದಂಥ ಕಡೆಗಳಲ್ಲಿ ಹೊರಗಿನ ಮಾಂಸದ ಪಾರ್ಸೆಲ್ಲನ್ನು ಗಡಿಯಲ್ಲಿಯೇ ತಡೆಯುತ್ತಾರೆ. ಎಲ್ಲಕ್ಕಿಂತ ಮೊದಲು, ಪಡೆಯುವವರ ಮನೆಯಲ್ಲಿ ಅದು ಸಲ್ಲುತ್ತದೆಯೇ ಎಂದು ಕೇಳಿಕೊಳ್ಳಬೇಕು. ಶ್ರಾವಣದಲ್ಲಿ ಕೈಸೇರಿದ ಮಾಂಸದ ಕೋಲು, ತಿನ್ನುವವರ ಮನೆಯಲ್ಲಿಯೂ ಮುಜುಗರ ತಂದೀತು.

ಈ ಐದು ತಾಲ್ಲೂಕುಗಳಿಂದಲೇ ಏನಾದರೂ ಹೋಗಬೇಕೆಂದರೆ ಪದಾರ್ಥಗಳಿಗೆ ಬರವಿಲ್ಲ. ಕಟಕು ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಬೆಲ್ಲ, ಅಥಣಿಯ ಒಣದ್ರಾಕ್ಷಿ, ಪಕ್ಕದ ಗೋಕಾಕದ ಕರದಂಟು ಇವು ಯಾವ ತಂಪುಪೆಟ್ಟಿಗೆಯನ್ನೂ ಕೇಳದೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಬೆಂಗಳೂರು ಮುಟ್ಟುತ್ತವೆ. ರೊಟ್ಟಿ ಮುರಿಯದಂತೆ ಗಟ್ಟಿ ಡಬ್ಬಿಯಲ್ಲಿ ಹಾಕಬೇಕು, ಚಟ್ನಿಯನ್ನು ಪೂರ್ತಿ ಆರಿಸಿ ತುಂಬಬೇಕು, ಮಳೆಗಾಲದಲ್ಲಿ ಬೆಲ್ಲಕ್ಕೆ ತೇವ ತಾಗದಂತೆ ಕಟ್ಟಬೇಕು; ಇಷ್ಟೇ ಜಾಗ್ರತೆ.

ಒಣಖಂಡದ ಮಾತು ಬೇರೆ. ಅದಕ್ಕೆ ಬೇಕಾದ ಬಿಸಿಲು ಇಲ್ಲಿದೆ, ಆಡು ಕುರಿಗಳಿವೆ, ಉಪ್ಪು ಅರಿಸಿನಗಳಿವೆ, ಕೈಗಳಿಗೆ ಹದದ ನೆನಪೂ ಪೂರ್ತಿ ಅಳಿದಿಲ್ಲ. ಮುಂದೊಂದು ದಿನ ಯಾರಾದರೂ ಅದನ್ನು ಶುಚಿಯಾಗಿ ಮಾಡಿ, ಊರ ಹೆಸರಿನ ಚೀಟಿ ಅಂಟಿಸಿ ಮಾರಾಟಕ್ಕಿಟ್ಟರೆ ತಂತ್ರದ ಅಡ್ಡಿ ಬಹಳ ಇರಲಾರದು. ಆದರೆ ಆ ಚೀಟಿಯ ಮೇಲೆ ಯಾರ ಹೆಸರು ಇರುತ್ತದೆ, ಲಾಭ ಯಾರ ಮನೆಗೆ ಹೋಗುತ್ತದೆ ಎಂಬುದು ಮುಖ್ಯ. ಚಪ್ಪಲಿಯ ವಿಷಯದಲ್ಲಿ ಮಿಲಾನ್‌ವರೆಗೆ ಹೋಗಿ ಕೇಳಿದ ಪ್ರಶ್ನೆ ಅದೇ. ಒಣಖಂಡದ ವಿಷಯದಲ್ಲಿ ಅದನ್ನು ನಮ್ಮೂರಿನಲ್ಲಿಯೇ ಕೇಳಬೇಕಾಗುತ್ತದೆ.